ಕಟ್‌ಅವೇ ಬೀಗ ಕೈ ಕೊಟ್ರೆ ಮೊದ್ಲು ನೋಡ್ಬೇಕಾದ್ದು ನೀವು ಕೊರೆದು ತೆಗೆದ ಗೋಡೆ

ಹೈ ಸೆಕ್ಯುರಿಟಿ ಬೀಗದ ಒಂದು ಮಗ್ಗುಲು ಕೊರೆದು ಕಿಟಕಿ ಮಾಡಿ, ಒಳಗಡೆ ಪಿನ್ನು, ಸ್ಪ್ರಿಂಗು, ಸೈಡ್‌ಬಾರ್ ಓಡಾಡೋದು ಕಣ್ಣಿಗೆ ಕಾಣೋ ಹಾಗೆ ಮಾಡಿದ್ರೆ ಅದು ಕಟ್‌ಅವೇ. ಕಂಪ್ನಿಗಳು ಇದನ್ನ ಡೀಲರ್‌ಗಳಿಗೆ ತೋರ್ಸೋಕೆ, ಟ್ರೇನಿಂಗ್ ಕೊಡೋಕೆ ಮೊದ್ಲಿಂದ್ಲೂ ಮಾಡ್ತಾ ಬಂದಿವೆ, ನಮ್ಮಂಥ ಹವ್ಯಾಸದವ್ರು ಅವನ್ನ ಹುಡುಕಿ ಕೂಡಿಡ್ತೀವಿ, ಸಿಗದಿದ್ದನ್ನ ಮನೇಲೇ ಸಣ್ಣ ಮಿಲ್ಲಿಂಗ್ ಮಷೀನಲ್ಲಿ ಮಾಡ್ಕೋತೀವಿ. ಮಾಡೋದ್ರ ಬಗ್ಗೆ ಬೇಕಾದಷ್ಟು ವಿಡಿಯೋ ಇದೆ. ಮಾಡಿ ಮುಗಿಸಿ ಜೋಡಿಸಿದ್ಮೇಲೆ ಕೀ ತಿರುಗ್ಲಿಲ್ಲ ಅಂದ್ರೆ ಏನು ಮಾಡ್ಬೇಕು ಅನ್ನೋದನ್ನ ಯಾರೂ ಸರಿಯಾಗಿ ಬರೆದಿಲ್ಲ, ಅದಕ್ಕೇ ಇದು.

ನಾನು ಹೇಳೋದು ಮುಖ್ಯವಾಗಿ ಒಂದೇ ವಿಷ್ಯ. ಬೀಗದೊಳಗೆ ಸುಮ್ನೆ ಇರೋ ಲೋಹ ಕಮ್ಮಿ. ನಾವು ನೋಡೋಕೆ ಅಡ್ಡ ಅಂತ ತೆಗೆಯೋ ಪ್ರತಿ ಗೋಡೆನೂ ಏನೋ ಒಂದನ್ನ ಹಿಡಿದಿಟ್ಟಿರತ್ತೆ, ಇಲ್ಲಾ ತಡೀತಿರತ್ತೆ, ಇಲ್ಲಾ ದಾರಿ ತೋರಿಸ್ತಿರತ್ತೆ. ಕಟ್‌ಅವೇ ಕೆಲಸ ಮಾಡ್ತಿಲ್ಲ ಅಂದ್ರೆ ಪಿನ್ ತೆಗೆದು ಅರ ಹಾಕೋಕೆ ಹೋಗ್ಬೇಡಿ, ಪಿನ್ನು ಮೊದ್ಲೂ ಸರಿ ಇತ್ತು, ಈಗ್ಲೂ ಸರಿ ಇದೆ. ಬದ್ಲಾಗಿದ್ದು ಗೋಡೆ. ಆ ಗೋಡೆ ಏನು ಕೆಲಸ ಮಾಡ್ತಿತ್ತು ಅಂತ ಕೇಳ್ಕೊಂಡ್ರೆ ಅರ್ಧ ದೋಷ ಅಲ್ಲೇ ಸಿಗತ್ತೆ.

ಪದಗಳ ಬಗ್ಗೆ ಒಂದ್ಮಾತು, ಹೊಸಬರಿಗೆ. ಹೊರಗಡೆ ಅಲ್ಲಾಡದೆ ಇರೋದು ಬಾಡಿ, ಒಳಗೆ ಕೀ ಜೊತೆ ತಿರುಗೋ ಸಿಲಿಂಡರ್ ಪ್ಲಗ್. ಕೀಗೆ ತಾಗೋದು ಕೀ ಪಿನ್, ಅದರ ಮೇಲೆ ಸ್ಪ್ರಿಂಗ್ ಕೆಳಗೆ ಕೂತಿರೋದು ಡ್ರೈವರ್ ಪಿನ್, ಎರಡೂ ಸೇರೋ ಜಾಗ ಪ್ಲಗ್ ಅಂಚಿಗೆ ಸರಿಯಾಗಿ ಬಂದಾಗ ಬೀಗ ತಿರುಗತ್ತೆ, ಆ ಅಂಚೇ ಶಿಯರ್ ಲೈನ್. ಹೈ ಸೆಕ್ಯುರಿಟಿ ಬೀಗದಲ್ಲಿ ಇದರ ಜೊತೆಗೆ ಎರಡನೇ ಕಾವಲು ಒಂದಿರತ್ತೆ, ಸಾಮಾನ್ಯವಾಗಿ ಸೈಡ್‌ಬಾರ್, ಅಂದ್ರೆ ಪ್ಲಗ್ಗಿನ ಮಗ್ಗುಲಲ್ಲಿ ಕೂತು ಅದು ತಿರುಗದ ಹಾಗೆ ತಡೆಯೋ ಉದ್ದನೆ ಪಟ್ಟಿ.

ಎಲ್ಲಿಗೆ ಬಂದು ನಿಲ್ತು?

ಬೀಗ ಕೆಲಸ ಮಾಡ್ತಿಲ್ಲ ಅಂತಷ್ಟೇ ಹೇಳಿದ್ರೆ ಏನೂ ಗೊತ್ತಾಗಲ್ಲ. ಕೀ ಒಳಗೇ ಹೋಗ್ತಿಲ್ವಾ? ಪೂರ್ತಿ ಹೋಗಿ ತಿರುಗ್ತಿಲ್ವಾ? ಸ್ವಲ್ಪ ತಿರುಗಿ ಮಧ್ಯದಲ್ಲಿ ಸಿಕ್ಕಾಕ್ಕೊಳ್ತಾ? ಹೋಗಿದ್ದು ವಾಪಸ್ ಬರ್ತಿಲ್ವಾ? ವಾಪಸ್ ಬಂದು ಕೀ ಹೊರಗೆ ಬರ್ತಿಲ್ವಾ? ಇನ್ನೊಂದು, ಎಲ್ಲರೂ ಮರೆಯೋದು: ತಪ್ಪು ಕೀ ಹಾಕಿದ್ರೂ ತಿರುಗ್ತಿದ್ಯಾ? ಇದನ್ನ ಒಂದು ಚೀಟೀಲಿ ಬರೆದಿಟ್ಕೊಂಡು ಆಮೇಲೆ ಬಿಚ್ಚಿ, ಯಾಕಂದ್ರೆ ಬಿಚ್ಚಿದ ತಕ್ಷಣ ಪಿನ್‌ಗಳು ಜಾಗ ಬಿಟ್ಟು ಸಾಕ್ಷಿ ಎಲ್ಲ ಹೋಗ್ಬಿಡತ್ತೆ. ಬಿಚ್ಚೋ ಮುಂಚೆ ಕಿಟಕಿಯಿಂದ ಒಂದು ಕ್ಲೋಸಪ್ ಫೋಟೋ, ಸಿಕ್ಕಾಕ್ಕೊಂಡ ಸ್ಥಿತಿಯಲ್ಲೇ. ಮಾಮೂಲಿ ಬೀಗ ರಿಪೇರಿ ಮಾಡೋರಿಗೆ ಈ ಸವಲತ್ತಿಲ್ಲ, ಅವ್ರು ಒಳಗೇನಾಗಿದೆ ಅಂತ ಊಹೆ ಮಾಡ್ಬೇಕು, ನಮಗೆ ಕಿಟಕಿ ಇದೆ, ಅದನ್ನ ಉಪಯೋಗಿಸ್ಕೊಳ್ದೆ ನೇರವಾಗಿ ಸ್ಕ್ರೂಡ್ರೈವರ್ ಎತ್ಕೊಳ್ಳೋದು ನ್ಯಾಯ ಅಲ್ಲ.

ಬಲ ಮಾತ್ರ ಹಾಕ್ಬೇಡಿ. ಕೊರೆದ ಹಿತ್ತಾಳೆ ಅಂಚು ಚೂಪಾಗಿರತ್ತೆ, ಒಂದ್ಸಲ ಜೋರಾಗಿ ತಿರುಗಿಸಿದ್ರೆ ಡ್ರೈವರ್ ಪಿನ್ ಆ ಅಂಚನ್ನ ಕಚ್ಚಿ ಗುಂಡಿ ಮಾಡತ್ತೆ, ಆಮೇಲೆ ಪ್ರತಿ ಸಲಾನೂ ಅಲ್ಲೇ ಎಡವತ್ತೆ.

ಚೂರು ಮತ್ತು ಬರ್

ಹೊಸದಾಗಿ ಮಾಡಿದ ಕಟ್‌ಅವೇಯಲ್ಲಿ ಕೀ ಒಳಗೆ ಹೋಗ್ತಿಲ್ಲ, ಪಿನ್ ಒಂದು ಮೇಲೇಳ್ತಿಲ್ಲ, ಎದ್ದಿದ್ದು ಇಳೀತಿಲ್ಲ ಅಂದ್ರೆ ಹತ್ತಕ್ಕೆ ಎಂಟು ಸಲ ಕಾರಣ ಹಿತ್ತಾಳೆ ಚೂರು, ಇಲ್ಲಾ ಬರ್. ಇವೆರಡೂ ಬೇರೆ ಬೇರೆ. ಚೂರು ಅಂದ್ರೆ ಕತ್ತರಿಸಿ ಬಿದ್ದಿರೋ ಪುಡಿ, ಅದು ತೊಳೆದ್ರೆ ಹೋಗತ್ತೆ. ಬರ್ ಅಂದ್ರೆ ಅಂಚಿಗೆ ಅಂಟ್ಕೊಂಡೇ ಇರೋ ತೆಳ್ಳಗಿನ ತುಟಿ, ಅದು ಎಷ್ಟು ತೊಳೆದ್ರೂ ಹೋಗಲ್ಲ, ಅಲ್ಟ್ರಾಸೋನಿಕ್‌ಗೆ ಹಾಕಿದ್ರೂ ಹೋಗಲ್ಲ.

ಬರ್ ಕಣ್ಣಿಗೆ ಕಾಣಲ್ಲ, ಅದನ್ನ ಹುಡುಕೋಕೆ ಹತ್ತಿ ಸಾಕು. ಒಂದು ಎಳೆ ಹತ್ತಿಯನ್ನ ಕಡ್ಡಿ ತುದಿಗೆ ಸುತ್ತಿ ಪಿನ್ ತೂತಿನ ಒಳಗೆ, ಕಿಟಕಿ ಅಂಚಿನುದ್ದಕ್ಕೂ ಮೆಲ್ಲಗೆ ಎಳೀರಿ. ಬರ್ ಇದ್ದ ಜಾಗದಲ್ಲಿ ಎಳೆ ಸಿಕ್ಕಿ ಅಲ್ಲೇ ಉಳ್ಕೊಳತ್ತೆ. 10 ಪಟ್ಟು ದೊಡ್ಡದಾಗಿ ತೋರ್ಸೋ ಲೂಪ್ ಹಿಡಿದು ನೋಡಿದ್ರೆ ಬಿಳಿ ನೂಲಿನ ತುದಿ ಅಂಚಿನ ಮೇಲೆ ನಿಂತಿರೋದು ಸ್ಪಷ್ಟವಾಗಿ ಕಾಣತ್ತೆ, ಬರ್ ಅಲ್ಲಿದೆ. ಅದನ್ನ ಅದೇ ಅಳತೆಯ ರೀಮರ್‌ನಿಂದ (ತೂತಿನ ಒಳಮೈ ನಯ ಮಾಡೋ ಟೂಲು) ಕೈಯಲ್ಲೇ ತಿರುಗಿಸಿ ತೆಗೀಬೇಕು, ಇಲ್ಲಾಂದ್ರೆ ಚೂಪಾದ ಮರದ ಕಡ್ಡಿಗೆ ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಬೇಕು. ಅರ ಬೇಡ. ಅಮೇರಿಕನ್ ಅಳತೆಯ ಪಿನ್ 0.115 ಇಂಚು, ಅಂದ್ರೆ ಸುಮಾರು 2.92 ಮಿ.ಮೀ. ದಪ್ಪ, ಅದರ ತೂತು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು, ಅಷ್ಟೇ. ಅರ ಹಾಕಿ ತೂತು ಅಗಲ ಆಯ್ತು ಅಂದ್ರೆ ಪಿನ್ ವಾಲತ್ತೆ, ವಾಲಿದ ಪಿನ್ ಇನ್ನೂ ಜಾಸ್ತಿ ಸಿಕ್ಕಾಕ್ಕೊಳತ್ತೆ.

ಚೂರು ಜಾಸ್ತಿ ಸೇರ್ಕೊಳ್ಳೋದು ಸ್ಪ್ರಿಂಗ್ ಕೂರೋ ತೂತಿನ ತಳದಲ್ಲಿ. ಕಿಟಕಿ ಆ ತಳದವರೆಗೂ ಹೋಗಿರಲ್ಲ, ಹಾಗಾಗಿ ಕಾಣೋದೂ ಇಲ್ಲ. ಅಲ್ಲಿ ಒಂದು ಚೂರು ಕೂತ್ರೆ ಸ್ಪ್ರಿಂಗ್ ಪೂರ್ತಿ ಮಡಚ್ಕೊಳ್ಳೋಕೆ ಜಾಗ ಸಾಲ್ದೆ ಪಿನ್ ಅರ್ಧಕ್ಕೇ ನಿಲ್ಲತ್ತೆ. ಗುರುತು ಏನಂದ್ರೆ ಕೀಯ ಎತ್ತರದ ಜಾಗ ಕೆಳಗೆ ಹಾದು ಹೋಗುವಾಗ ಆ ಪಿನ್ನು ತೊಂದ್ರೆ ಕೊಡತ್ತೆ, ಯಾಕಂದ್ರೆ ಆಗ್ಲೇ ತಾನೆ ಅದು ಜಾಸ್ತಿ ಮೇಲೇಳ್ಬೇಕಾದ್ದು.

ಮಿಲ್ ಮಾಡೋ ಮುಂಚೆ ತೂತುಗಳಿಗೆಲ್ಲ ಮೇಣ ತುಂಬಿಸಿದ್ರೆ ಬರ್ ಕಮ್ಮಿ ಆಗತ್ತೆ, ಚೂರೂ ಒಳಗೆ ಹೋಗಲ್ಲ, ಆಮೇಲೆ ಬಿಸಿನೀರಲ್ಲಿ ಕರಗಿಸಿ ತೆಗೀಬಹುದು. ಕನ್ನಡಕ ಹಾಕ್ಕೊಳ್ಳಿ. ಬೀಗದ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಸೀಸ ಬೆರೆಸಿರ್ತಾರೆ, ಕೊರೆಯೋಕೆ ಸಲೀಸು ಅಂತ, ಅದಕ್ಕೇ ಕೆಲಸ ಆದ್ಮೇಲೆ ಕೈ ತೊಳೀದೆ ಊಟಕ್ಕೆ ಕೂರ್ಬೇಡಿ, ಆ ಪುಡಿ ಮಕ್ಕಳ ಕೈಗೂ ಸಿಗಬಾರ್ದು.

ಪಿನ್ ಇಲ್ದೇನೂ ಪ್ಲಗ್ ಬಿಗಿ

ಕೀ ತಿರುಗ್ತಿಲ್ಲ ಅಂದ್ರೆ ಪಿನ್ ಎಲ್ಲ ತೆಗೆದು ಬರೀ ಪ್ಲಗ್ ಹಾಕಿ ತಿರುಗಿಸಿ ನೋಡಿ. ಬೆರಳ ತುದೀಲಿ ಆರಾಮಾಗಿ ತಿರುಗಿದ್ರೆ ದೋಷ ಪಿನ್ ಕಡೆ. ಬರೀ ಪ್ಲಗ್ಗೇ ಬಿಗಿ ಇದ್ರೆ ಬಾಡಿ ಆಕಾರ ಕೆಟ್ಟಿದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯತ್ತೆ, ಆದ್ರೂ ಇದನ್ನ ಬಿಟ್ಟು ಜನ ಪಿನ್ ಬದಲಾಯಿಸ್ತಾ ಕೂರ್ತಾರೆ.

ಬಾಡಿ ಯಾಕೆ ಕೆಡತ್ತೆ? ಪೂರ್ತಿ ಉಂಗುರದ ಹಾಗಿದ್ದ ಬಾಡಿಗೆ ಉದ್ದಕ್ಕೆ ಕಿಟಕಿ ಕೊರೆದ ತಕ್ಷಣ ಅದು ಬಾಯಿ ಬಿಟ್ಟ ಬಳೆ ಆಗತ್ತೆ. ವೈಸಲ್ಲಿ ಹಿಡಿದ್ರೆ ಒಳಗೆ ಮುಚ್ಕೊಳತ್ತೆ, ಬಿಟ್ರೆ ಪೂರ್ತಿ ವಾಪಸ್ ಬರಲ್ಲ. ಯೂರೋ ಪ್ರೊಫೈಲ್ ಸಿಲಿಂಡರ್ (ಯೂರೋಪಿನ ಬಾಗಿಲುಗಳಲ್ಲಿ ಹಾಕೋ, ಗುಂಡು ತಲೆಗೆ ಕಾಲು ಸೇರಿಸಿದ ಆಕಾರದ ಬೀಗದ ತುಂಡು) ಆದ್ರೆ ಗುಂಡಗಿರೋ ಭಾಗ 17 ಮಿ.ಮೀ., ಒಟ್ಟು ಎತ್ತರ 33 ಮಿ.ಮೀ., ಕೆಳಗಿನ ಕಾಲು 10 ಮಿ.ಮೀ. ದಪ್ಪ. ಹಿಡಿಯೋದಾದ್ರೆ ಆ ಕಾಲನ್ನ ಹಿಡೀರಿ, ಗುಂಡು ಭಾಗ ಹಿಡೀಬೇಡಿ. ಕಾಲಿನ ಮಧ್ಯದಲ್ಲಿ ಎಂ5 ಸ್ಕ್ರೂ ತೂತು ಇರತ್ತೆ, ಅಲ್ಲಿ ಲೋಹ ತೀರ ಕಮ್ಮಿ, ಹಾಗಾಗಿ ವೈಸ್ ದವಡೆ ಅಲ್ಲಿ ಒತ್ತದೆ ಇರೋ ಹಾಗೆ ನೋಡ್ಕೊಳ್ಳಿ.

ಎಲ್ಲಿ ಉಜ್ತಿದೆ ಅಂತ ತಿಳ್ಕೊಳ್ಳೋಕೆ ಪ್ಲಗ್ ಮೇಲೆಲ್ಲ ಪರ್ಮನೆಂಟ್ ಮಾರ್ಕರ್ ಬಳಿದು ಒಣಗಿಸಿ, ಒಳಗೆ ಹಾಕಿ ಎರಡು ಸುತ್ತು ತಿರುಗಿಸಿ ತೆಗೀರಿ. ಇಂಕು ಹೋಗಿರೋ ಜಾಗ ಉಜ್ಜೋ ಜಾಗ. ಕಿಟಕಿ ಅಂಚಿನುದ್ದಕ್ಕೆ ಸಣ್ಣ ಗೆರೆಯಾಗಿ ಹೋಗಿದ್ರೆ ಬರ್ರು, ಅದನ್ನ ತೆಗೆದ್ರೆ ಮುಗೀತು. ಎದುರುಬದಿರು ಎರಡು ಅಗಲವಾದ ಪಟ್ಟಿ ಹೋಗಿದ್ರೆ ಬಾಡಿ ಮುಚ್ಕೊಂಡಿದೆ. ಆಗ ಪ್ಲಗ್ಗಿಗೆ ತೆಳ್ಳಗೆ ಮೆಟಲ್ ಪಾಲಿಶ್ ಹಚ್ಚಿ ಕೈಯಲ್ಲೇ ತಿರುಗಿಸ್ತಾ ಹೊಂದಿಸ್ಬೇಕು, ಸ್ವಲ್ಪ ಸ್ವಲ್ಪ, ಮಧ್ಯ ಮಧ್ಯ ತೊಳೆದು ನೋಡ್ತಾ. ತುಂಬಾ ಮುಚ್ಕೊಂಡಿದ್ರೆ ಮೊನೆ ಸಣ್ಣಗೆ ಹೋಗೋ ಗುಂಡು ಕಡ್ಡಿ ತಳ್ಳಿ ಬಾಯಿ ತೆರೀಬಹುದು, ಆದ್ರೆ ಜಾಸ್ತಿ ತೆರೆದ್ರೆ ಶಿಯರ್ ಲೈನ್ ಸಡಿಲಾಗಿ ಬೀಗದ ಮಾನ ಹೋಗತ್ತೆ. ಮುಂದಿನ ಸಲಕ್ಕೆ ಪ್ಲಗ್ಗಿನ ಅಳತೆಗೆ ಒಂದು ಅಲ್ಯೂಮಿನಿಯಂ ಕಡ್ಡಿ ಟರ್ನ್ ಮಾಡಿಸಿ ಒಳಗಿಟ್ಟು ಕೊರೀರಿ. ಬೆಂಗಳೂರಲ್ಲಿರೋರಿಗೆ ಪೀಣ್ಯದ ಯಾವ್ದೇ ಲೇತ್ ಅಂಗಡೀಲಿ ಮಾಡ್ಕೊಡ್ತಾರೆ, ಒರಿಜಿನಲ್ ಪ್ಲಗ್ ಕೈಲಿ ಕೊಟ್ಟು ಇಷ್ಟೇ ದಪ್ಪ ಅಂದ್ರೆ ಸಾಕು.

ಇನ್ನೊಂದು ಇದೇ ಜಾಗದ ಸಮಸ್ಯೆ: ಕೊರೀವಾಗ ಎಂಡ್ ಮಿಲ್ (ಮಿಲ್ಲಿಂಗ್ ಮಷೀನಿನ ಕತ್ತರಿಸೋ ಟೂಲು) ಇದ್ದಕ್ಕಿದ್ದಂಗೆ ಮುರೀತು ಅಂದ್ರೆ ಡ್ರಿಲ್ ತಡೆಯೋಕೆ ಹಾಕಿರೋ ಗಟ್ಟಿ ಉಕ್ಕಿನ ಪಿನ್ನಿಗೆ ತಾಗಿದೆ. ಮೊದ್ಲು ಮುಂಭಾಗದಲ್ಲಿ ಅವು ಎಲ್ಲಿವೆ ನೋಡ್ಕೊಳ್ಳಿ, ಆಯಸ್ಕಾಂತ ಹಿಡಿದ್ರೆ ಹಿತ್ತಾಳೆಗೆ ಅಂಟಲ್ಲ, ಉಕ್ಕಿಗೆ ಅಂಟತ್ತೆ, ಅಲ್ಲಿಗೆ ಕಿಟಕಿ ನಿಲ್ಲಿಸಿ. ಅವನ್ನೂ ಕೊರೆದು ತೋರಿಸ್ಲೇಬೇಕು ಅಂದ್ರೆ ಕಾರ್ಬೈಡ್ ಟೂಲು, ಒಂದೊಂದ್ಸಲಕ್ಕೆ ಕೂದಲೆಳೆಯಷ್ಟೇ.

ಮಧ್ಯದಲ್ಲಿ ಸಿಕ್ಕಾಕ್ಕೊಂಡ ಪ್ಲಗ್

ಕೀ ಸಲೀಸಾಗಿ ತಿರುಗೋಕೆ ಶುರುವಾಗಿ 70, 80 ಡಿಗ್ರಿ ಹೋದ್ಮೇಲೆ ಟಕ್ ಅಂತ ನಿಂತು, ಹಿಂದಕ್ಕೂ ಬರಲ್ಲ ಮುಂದಕ್ಕೂ ಹೋಗಲ್ಲ. ಕಟ್‌ಅವೇ ಮಾಡೋರು ಎಲ್ಲರೂ ಒಂದಲ್ಲ ಒಂದಿನ ನೋಡೋ ದೋಷ ಇದು, ಇದನ್ನ ಅರ್ಥ ಮಾಡ್ಕೊಂಡ್ರೆ ಮಿಕ್ಕಿದ್ದೆಲ್ಲ ಸುಲಭ.

ಕೀ ಪಿನ್ ಕಾಣ್ಲಿ ಅಂತ ಪ್ಲಗ್ಗಿನ ಮಗ್ಗುಲಲ್ಲೂ ಕಿಟಕಿ ಕೊರೆದಿರ್ತೀವಿ. ಪ್ಲಗ್ ತಿರುಗ್ತಾ ತಿರುಗ್ತಾ ಆ ಕಿಟಕಿ ಡ್ರೈವರ್ ಪಿನ್‌ಗಳ ಕೆಳಗೇ ಬಂದು ನಿಲ್ಲತ್ತೆ. ಮೊದ್ಲು ಅಲ್ಲಿ ಪ್ಲಗ್ಗಿನ ಗೋಡೆ ಇತ್ತು, ಡ್ರೈವರ್ ಪಿನ್ ಅದರ ಮೇಲೆ ಜಾರ್ಕೊಂಡು ಹೋಗ್ತಿತ್ತು. ಈಗ ಗೋಡೆ ಇಲ್ಲ, ಸ್ಪ್ರಿಂಗ್ ಒತ್ತಿ ಪಿನ್ ಕಿಟಕಿಯೊಳಗೆ ಇಳಿದ್ಬಿಡತ್ತೆ. ಬೀಗ ತನ್ನ ಕೆಲಸ ತಾನು ಸರಿಯಾಗೇ ಮಾಡಿದೆ, ಅದಕ್ಕೆ ಆ ಕಿಟಕಿನೂ ಒಂದು ಪಿನ್ ತೂತಿನ ಹಾಗೇ ಕಾಣತ್ತೆ.

ಬಿಡಿಸೋಕೆ ತಿರುಚ್ಬೇಡಿ. ಬಾಡಿ ಕಿಟಕಿಯಿಂದ ಸೂಜಿ ಹಾಕಿ ಇಳಿದಿರೋ ಡ್ರೈವರ್‌ಗಳನ್ನ ಒಂದೊಂದಾಗಿ ಮೇಲೆತ್ತಿ, ಪ್ಲಗ್ಗಿಗೆ ಕೀಯಿಂದ ತೀರ ಹಗುರಾಗಿ ವಾಪಸ್ ಕಡೆಗೆ ಒತ್ತಡ ಕೊಡ್ತಾ ಇರಿ, ಎತ್ತಿದ್ದು ಅಲ್ಲೇ ನಿಲ್ಲತ್ತೆ, ಕೊನೇದು ಎದ್ದಾಗ ಪ್ಲಗ್ ತಾನೇ ಜಾರತ್ತೆ.

ಇದು ಆಗದೆ ಇರ್ಬೇಕು ಅಂದ್ರೆ ಕಿಟಕಿ ಅಗಲ ಪಿನ್ ದಪ್ಪಕ್ಕಿಂತ ಕಮ್ಮಿ ಇರ್ಬೇಕು. 2.92 ಮಿ.ಮೀ. ಪಿನ್ನಿಗೆ 2.2 ಮಿ.ಮೀ. ಕಿಟಕಿ ಅಂತಿಟ್ಕೊಳ್ಳಿ, ಪಿನ್ ಬೀಳಲ್ಲ. ಆದ್ರೂ ಪೂರ್ತಿ ನಿಶ್ಚಿಂತೆ ಇಲ್ಲ, ಯಾಕಂದ್ರೆ ಪ್ಲಗ್ ಗುಂಡಗಿದೆ, ಅದರ ಉಬ್ಬಿದ ನೆತ್ತಿ ಕಿಟಕೀಲಿ ಹೋಗಿದೆ, ಹಾಗಾಗಿ ಪಿನ್ ತಳ ಎರಡು ಅಂಚಿನ ಮೇಲೆ ಕೂತಾಗ ಮೊದ್ಲಿಗಿಂತ ಸ್ವಲ್ಪ ಕೆಳಗಿರತ್ತೆ. 12.7 ಮಿ.ಮೀ. ವ್ಯಾಸದ ಪ್ಲಗ್ಗಿಗೆ ಲೆಕ್ಕ ಹಾಕಿದ್ರೆ ಸುಮಾರು 0.1 ಮಿ.ಮೀ. ಇಷ್ಟು ಸಾಕು ಕೈಗೆ ಒಂದು ಕಟಕ್ ಅನ್ನೋದು ಗೊತ್ತಾಗೋಕೆ, ಅಂಚು ಚೂಪಾಗಿದ್ರೆ ನಿಲ್ಲೋಕೂ ಸಾಕು. ಅದಕ್ಕೇ ಪ್ಲಗ್ ಕಿಟಕಿಯ ಎರಡೂ ಉದ್ದದ ಅಂಚನ್ನ ನಯವಾದ ಕಲ್ಲಿನಿಂದ ಸ್ವಲ್ಪ ಓರೆ ಮಾಡ್ಬೇಕು, ಪಿನ್ ಹತ್ತಿ ಇಳಿದು ಹೋಗೋ ಹಾಗೆ.

ಕಿಟಕಿ ಈಗಾಗ್ಲೇ ಅಗಲ ಆಗ್ಬಿಟ್ಟಿದ್ರೆ ದಾರಿ ಎರಡು. ಒಂದು, ತಿರುಗೋದನ್ನೇ ಮಿತಿಗೊಳಿಸೋದು, ಹಿಂದೆ ಕ್ಯಾಮ್ (ಪ್ಲಗ್ ಜೊತೆ ತಿರುಗಿ ಚಿಲಕ ಸರಿಸೋ ತುಂಡು) ಹತ್ರ ಒಂದು ಸಣ್ಣ ಪಿನ್ ಹಾಕಿ 45 ಡಿಗ್ರಿಗೇ ನಿಲ್ಲೋ ಹಾಗೆ. ಇನ್ನೊಂದು, ಪಾರದರ್ಶಕ ಅಕ್ರಿಲಿಕ್ ತುಂಡನ್ನ ಕಿಟಕಿಗೆ ಕೂರಿಸಿ ಪ್ಲಗ್ಗಿನ ದುಂಡಗಿನ ಮೈಗೆ ಸಮ ಮಾಡಿ ಪಾಲಿಶ್ ಮಾಡೋದು. ನನಗೆ ಎರಡನೇದೇ ಇಷ್ಟ, ಗೋಡೆ ವಾಪಸ್ ಬಂತು, ನೋಟಾನೂ ಉಳೀತು. ಅಂಟಿಸೋಕೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿಗೆ ಅಕ್ರಿಲಿಕ್ ಮೇಲೆ ಬಿಳೀ ಮಂಜು ಕೂರತ್ತೆ, ನಿಧಾನವಾಗಿ ಗಟ್ಟಿಯಾಗೋ ಎಪಾಕ್ಸಿ ಹಾಕಿ.

ಸ್ಪ್ರಿಂಗ್ ಕಿಟಕಿಯಿಂದ ಹೊರಗೆ ಹೊಟ್ಟೆ ಬಿಡೋದೂ ಇದೇ ಜಾತಿ ದೋಷ. ಒತ್ತಿದಾಗ ಸ್ಪ್ರಿಂಗ್ ಡೊಂಕಾಗೋಕೆ ನೋಡತ್ತೆ, ಸುತ್ತ ಗೋಡೆ ಇದ್ದಿದ್ದಕ್ಕೆ ನೆಟ್ಟಗೆ ನಿಂತಿತ್ತು. ಒಂದು ಸುರುಳಿ ಅಂಚಿಗೆ ಸಿಕ್ಕಿದ್ರೂ ಆ ಪಿನ್ ಸತ್ತ ಹಾಗೆ. ಕಿಟಕಿ ಮೇಲೆ 1 ಮಿ.ಮೀ. ಪಾಲಿಕಾರ್ಬೊನೇಟ್ ಪಟ್ಟಿ ಹಾಕಿದ್ರೆ ಮುಗೀತು. ಸ್ಪ್ರಿಂಗನ್ನ ಎಳೆದು ಉದ್ದ ಮಾಡಿ ಹಾಕೋದು ಮಾತ್ರ ಬೇಡ, ಅದು ಇನ್ನೂ ಜಾಸ್ತಿ ಡೊಂಕಾಗತ್ತೆ.

ಮೆಡೆಕೋ: ಪಿನ್ ಬೆನ್ನು ತಿರುಗಿಸಿ ನಿಂತಾಗ

ಅಮೇರಿಕದ ವರ್ಜೀನಿಯಾದ ಮೆಡೆಕೋ ಶುರುವಾಗಿದ್ದು 1968ರಲ್ಲಿ. ಇದರ ಪಿನ್ ಮೇಲೆ ಕೆಳಗೆ ಹೋಗೋದ್ರ ಜೊತೆಗೆ ತಿರುಗ್ಲೂಬೇಕು. ಕೀಯಲ್ಲಿ ಕಟ್‌ಗಳು ಓರೆಯಾಗಿರತ್ತೆ, ಪಿನ್ ತುದಿ ಉಳಿ ಆಕಾರ, ಆ ಓರೆಗೆ ಕೂತಾಗ ಪಿನ್ ಎಡಕ್ಕೋ ಬಲಕ್ಕೋ 20 ಡಿಗ್ರಿ ತಿರುಗತ್ತೆ, ಇಲ್ಲಾ ನೇರ ನಿಲ್ಲತ್ತೆ. ಎಲ್ಲ ಪಿನ್ನಿನ ಮೈಮೇಲಿರೋ ಉದ್ದನೆ ಗೀರು ಸೈಡ್‌ಬಾರ್ ಕಡೆ ಮುಖ ಮಾಡಿದಾಗ್ಲೇ ಸೈಡ್‌ಬಾರ್ ಕಾಲುಗಳು ಅದರೊಳಗೆ ಹೋಗಿ ಪ್ಲಗ್ ಬಿಡುಗಡೆ ಆಗೋದು.

ಲಕ್ಷಣ: ಕೀ ಪೂರ್ತಿ ಹೋಗಿದೆ, ಶಿಯರ್ ಲೈನ್ ಎಲ್ಲ ಸರಿಯಾಗಿ ಕಾಣ್ತಿದೆ, ಪ್ಲಗ್ ಒಂದೆರಡು ಡಿಗ್ರಿ ಅಲ್ಲಾಡಿ ಮೆತ್ತಗೆ ನಿಲ್ತಿದೆ. ಆ ಮೆತ್ತಗೆ ನಿಲ್ಲೋದೇ ಸೈಡ್‌ಬಾರ್ ಗುರುತು, ಡ್ರೈವರ್ ಪಿನ್ ತಡೆದ್ರೆ ಗಟ್ಟಿಯಾಗಿ ನಿಲ್ಲತ್ತೆ. ಹಾಗೇ ಒತ್ತಿ ಹಿಡಿದು ಲೂಪಲ್ಲಿ ನೋಡಿ. ಕೆಲಸ ಮಾಡ್ತಿರೋ ಪಿನ್ ಎದುರು ಸೈಡ್‌ಬಾರ್ ಕಾಲು ಗೀರಿನ ಬಾಯಲ್ಲಿ ಇರತ್ತೆ, ಕೆಟ್ಟ ಪಿನ್ ಎದುರು ಕಾಲು ನುಣುಪಾದ ಹಿತ್ತಾಳೆ ಮೈಗೆ ಒತ್ತಿ ನಿಂತಿರತ್ತೆ, ಗೀರೇ ಕಾಣಲ್ಲ. ಅಂದ್ರೆ ಪಿನ್ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದೆ. ಉಳಿಯಂಥ ತುದಿ ಎರಡೂ ಕಡೆಗೆ ಒಂದೇ ಥರ ಕೂರೋದ್ರಿಂದ ಎತ್ತರ ಸರಿಯಾಗೇ ಬರತ್ತೆ, ಅದಕ್ಕೇ ಜನ ಮೋಸ ಹೋಗೋದು.

ಮಾಮೂಲಿ ಮೆಡೆಕೋದಲ್ಲಿ ಇದು ಆಗಲ್ಲ, ಯಾಕಂದ್ರೆ ಪಿನ್ನಿಗೆ ಒಂದು ಸಣ್ಣ ಮೂಗು ಇದೆ, ಅದು ತೂತಿನ ಗೋಡೇಲಿರೋ ಗಾಡಿಯಲ್ಲಿ, ಅಂದ್ರೆ ಉದ್ದನೆ ತೋಡಲ್ಲಿ, ಓಡಾಡತ್ತೆ, ಜಾಸ್ತಿ ತಿರುಗೋಕೆ ಬಿಡಲ್ಲ. ನಿಮ್ಮ ಕಿಟಕಿ ಆ ಗಾಡಿ ಮೇಲೆ ಬಂದಿದ್ರೆ ಮೂಗಿಗೆ ತಡೆ ಇಲ್ಲ, ಪಿನ್ ಸ್ವತಂತ್ರ. ಕೊರೆಯೋ ಮುಂಚೆ ಖಾಲಿ ತೂತಿಗೆ ಟಾರ್ಚ್ ಬಿಟ್ಟು ಗಾಡಿ ಯಾವ ಕಡೆ ಇದೆ ಗುರುತು ಮಾಡ್ಕೊಳ್ಳಿ. ಕೊರೆದಾಗಿದ್ರೆ ಪಿನ್ನನ್ನ ಟ್ವೀಜರ್‌ನಿಂದ ಸರಿ ದಿಕ್ಕಿಗೆ ತಿರುಗಿಸಿ, ಕಿಟಕಿಯ ಆ ಭಾಗದಷ್ಟಕ್ಕೆ ತೆಳು ಹಿತ್ತಾಳೆ ಪಟ್ಟಿ ಅಂಟಿಸಿ ತಡೆ ವಾಪಸ್ ಕೊಡಿ. ಒಂದು ಪಿನ್ ಕಾಣ್ದೆ ಹೋದ್ರೂ ಪರ್ವಾಗಿಲ್ಲ.

ಇದರ ಉಲ್ಟಾ ದೋಷ ಇನ್ನೂ ಕೆಟ್ಟದ್ದು, ಅದು ದೋಷ ಅಂತ ಗೊತ್ತೇ ಆಗಲ್ಲ. ಸೈಡ್‌ಬಾರ್ ಕಾಣ್ಲಿ ಅಂತ ಬಾಡಿಯಲ್ಲಿ ಅದರ ಎದುರಿನ ಗಾಡಿಯನ್ನ ಪೂರ್ತಿ ಉದ್ದಕ್ಕೆ ತೆಗೆದ್ರೆ ಸೈಡ್‌ಬಾರನ್ನ ಹಿಡಿಯೋರೇ ಇಲ್ಲ. ಕೀ ಚೆನ್ನಾಗೇ ತಿರುಗತ್ತೆ, ಎಲ್ಲ ಸರಿ ಇದೆ ಅನ್ಸತ್ತೆ, ಆದ್ರೆ ಎತ್ತರ ಸರಿ ಇದ್ದು ಓರೆ ತಪ್ಪಿರೋ ಕೀ ಹಾಕಿದ್ರೂ ತಿರುಗತ್ತೆ. ಅದು ಆಗ ಮೆಡೆಕೋ ಅಲ್ಲ, ಸಾದಾ ಪಿನ್ ಬೀಗ. ಎರಡು ತುದೀಲೂ ಗಾಡಿಯ ಸ್ವಲ್ಪ ಸ್ವಲ್ಪ ಭಾಗ ಸೇತುವೆ ಥರ ಉಳಿಸಿ ಮಧ್ಯ ಮಾತ್ರ ಕೊರೆದ್ರೆ ನೋಟಾನೂ ಸಿಗತ್ತೆ, ಕಾವಲೂ ಉಳಿಯತ್ತೆ. ತಪ್ಪು ಕೀಗೆ ತೆರೆದ್ಕೊಳ್ಳೋ ಕಟ್‌ಅವೇ ನನ್ನ ಲೆಕ್ಕದಲ್ಲಿ ಕೆಟ್ಟಿರೋ ಕಟ್‌ಅವೇನೇ, ನೋಡೋಕೆ ಎಷ್ಟೇ ಹೊಳೀಲಿ. ಸ್ವೀಡನ್ನಿನ ಅಸ್ಸಾ ಟ್ವಿನ್‌ನಂಥ ಸೈಡ್ ಪಿನ್ ಇರೋ ಬೀಗಗಳಿಗೂ ಇದೇ ಮಾತು.

ಅಬ್ಲಾಯ್

ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ಈ ಬೀಗದಲ್ಲಿ ಪಿನ್ನೂ ಇಲ್ಲ, ಪಿನ್ ಒತ್ತೋ ಸ್ಪ್ರಿಂಗೂ ಇಲ್ಲ. ಬಿಲ್ಲೆಗಳು ಸಾಲಾಗಿ ನಿಂತಿರತ್ತೆ, ಮಧ್ಯೆ ತೆಳು ವಾಷರ್. ಕೀ ತಿರುಗಿಸಿದಾಗ ಒಂದೊಂದು ಬಿಲ್ಲೆ ಒಂದೊಂದು ಕೋನಕ್ಕೆ ತಿರುಗಿ, ಎಲ್ಲದರ ಅಂಚಿನ ಕಚ್ಚು ಒಂದೇ ಸಾಲಿಗೆ ಬಂದಾಗ ಸೈಡ್‌ಬಾರ್ ಅದರೊಳಗೆ ಇಳಿಯತ್ತೆ. ಕಟ್‌ಅವೇಗೆ ಇದಕ್ಕಿಂತ ಚೆಂದದ ಬೀಗ ಇಲ್ಲ ಅಂತ ನನ್ನ ಅಭಿಪ್ರಾಯ, ಕಚ್ಚುಗಳು ಒಂದೊಂದಾಗಿ ಸಾಲಿಗೆ ಬರೋದು ನೋಡ್ತಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ತಿರುಗ್ತಿಲ್ಲ ಅಂದ್ರೆ ಸೈಡ್‌ಬಾರ್ ತೆಗೆದಿಟ್ಟು, ಬಿಲ್ಲೆಗಳ ಸಮೇತ ಪ್ಲಗ್ ಕೈಲಿ ಹಿಡಿದು ಕೀ ಹಾಕಿ ಕೊನೇವರೆಗೂ ತಿರುಗಿಸಿ. ಸಾಲಿಗೆ ಒಂದು ನೆಟ್ಟಗಿರೋ ತಂತಿ ಇಟ್ಟು ನೋಡಿ. ತಂತಿ ಪೂರ್ತಿ ಕೂತ್ರೆ ಬಿಲ್ಲೆ ಸರಿ ಇದೆ, ದೋಷ ಸೈಡ್‌ಬಾರಲ್ಲೋ ಬಾಡಿಯಲ್ಲೋ ಇದೆ. ಒಂದೇ ಬಿಲ್ಲೆ ತಂತಿನ ಮೇಲೆತ್ತಿದ್ರೆ ಅದನ್ನ ಉಲ್ಟಾ ಹಾಕಿದ್ದೀರಿ, ಇಲ್ಲಾ ಅದು ತಪ್ಪು ಜಾಗದಲ್ಲಿದೆ. ಎರಡು ಬಿಲ್ಲೆ ಕೆಟ್ಟಂಗೆ ಕಂಡ್ರೆ ಅವೆರಡೂ ಅದ್ಲುಬದ್ಲಾಗಿರೋ ಸಾಧ್ಯತೆನೇ ಜಾಸ್ತಿ. ಸುಳ್ಳು ಕಚ್ಚು ನೋಡಿ ಮೋಸ ಹೋಗ್ಬೇಡಿ, ಬಿಲ್ಲೆ ಅಂಚಲ್ಲಿ ಆಳ ಇಲ್ಲದ ಕಚ್ಚುಗಳೂ ಇರತ್ತೆ, ಪಿಕ್ ಮಾಡೋರನ್ನ, ಅಂದ್ರೆ ಕೀ ಇಲ್ದೆ ಬೀಗ ತೆಗೆಯೋಕೆ ನೋಡೋರನ್ನ, ದಾರಿ ತಪ್ಪಿಸೋಕೆ, ತಂತಿ ಅದರಲ್ಲಿ ಅರ್ಧ ಮಾತ್ರ ಕೂರತ್ತೆ.

ಕೀ ವಾಪಸ್ ಬಂದು ಹೊರಗೆ ಬರ್ತಿಲ್ಲ ಅಂದ್ರೆ ಎಲ್ಲೋ ಒಂದು ಬಿಲ್ಲೆ ಹಿಂದೆ ಉಳಿದಿದೆ. ಸ್ಪ್ರಿಂಗ್ ಇಲ್ವಲ್ಲ, ಬಿಲ್ಲೆಗಳನ್ನ ವಾಪಸ್ ತರೋದೂ ಕೀಯೇ. ಮೈಸೂರಿನ ಗೆಳೆಯರೊಬ್ರು ಕಳಿಸಿದ ಅಬ್ಲಾಯ್ ಕ್ಲಾಸಿಕ್‌ನಲ್ಲಿ ಹೀಗೇ ಆಗಿತ್ತು, ಕೀ ಹೊರಗೆ ಎಳೆದ್ರೆ ಅರ್ಧಕ್ಕೆ ನಿಲ್ತಿತ್ತು. ಕಿಟಕಿಯಿಂದ ಬೆಳಕು ಬಿಟ್ಟು ನೋಡಿದ್ರೆ ಬಿಲ್ಲೆ ಹಿಡಿದಿರೋ ಕೊಳವೆಯ ಗೋಡೆ ಕೊರೆದ ಕಡೆ ಕಾಗದದಷ್ಟು ತೆಳ್ಳಗಾಗಿ ಒಳಗೆ ಬಾಗಿತ್ತು, ನಾಲ್ಕನೇ ಬಿಲ್ಲೆಯ ಅಂಚಿಗೆ ಅದು ತಾಗಿದ ಕಡೆ ಹೊಳೆಯೋ ಗೆರೆ ಬಿದ್ದಿತ್ತು. ಬಿಲ್ಲೆಗಳೆಲ್ಲ ತೆಗೆದು ಒಳಗಿಂದ ಗುಂಡು ಕಡ್ಡಿ ಹಾಕಿ ಗೋಡೆನ ಮೆಲ್ಲಗೆ ಹೊರಗೆ ತಳ್ಳಿ, ಅಂಚಿನ ಬರ್ ತೆಗೆದಿದ್ದಕ್ಕೆ ಸರಿ ಹೋಯ್ತು. ಕೀನ ಜೋರಾಗಿ ಎಳೆದಿದ್ರೆ ಕೀನೇ ತಿರುಚಿ ಹೋಗ್ತಿತ್ತು, ಆ ಕೀ ಮತ್ತೆ ಮಾಡಿಸೋದು ಸುಲಭ ಅಲ್ಲ.

ಬಿಲ್ಲೆ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿ ಹೋಗ್ತಿದ್ರೆ ಅದರ ತಡೆಯನ್ನ ಕೊರೆದಿದ್ದೀರಿ. ಬಿಲ್ಲೆ ಮೈಗಿರೋ ಹಲ್ಲು ಕೊಳವೆಯ ಅಂಚಿಗೆ ತಾಗಿ ನಿಲ್ಬೇಕು, ಅಂಚೇ ಇಲ್ಲಾಂದ್ರೆ ನಿಲ್ಲೋದೆಲ್ಲಿ? ಇದಕ್ಕೆ ಒಳ್ಳೆ ರಿಪೇರಿ ಇಲ್ಲ, ಇನ್ನೊಂದು ಸಿಲಿಂಡರ್ ಹುಡುಕೋದೇ ವಾಸಿ.

ಮಲ್-ಟಿ-ಲಾಕ್, ಇವಿವಿಎ

ಇಸ್ರೇಲಿನ ಮಲ್-ಟಿ-ಲಾಕ್ ಪಿನ್ನೊಳಗೆ ಪಿನ್ ಇರೋದು. ಅದು ಕಾಣ್ಬೇಕಂದ್ರೆ ಹೊರಗಿನ ಪಿನ್ನನ್ನೂ ಸೀಳ್ಬೇಕು. ಒಳಗಿನ ಪಿನ್ ಅಲ್ಲಾಡ್ತಿಲ್ಲ ಅಂದ್ರೆ ಹೊರಪಿನ್ನಿನ ಸೀಳಿನ ಬರ್ ಅದನ್ನ ಹಿಡ್ಕೊಂಡಿದೆ. ಒಳಪಿನ್ ಹೊರಗೆ ಬೀಳ್ತಿದ್ರೆ ಅರ್ಧಕ್ಕಿಂತ ಜಾಸ್ತಿ ಸೀಳಿದ್ದೀರಿ, ಅರ್ಧಕ್ಕಿಂತ ಕಮ್ಮಿ ಸೀಳಿದ್ರೆ ಮಾತ್ರ ಅದು ಒಳಗೆ ನಿಲ್ಲೋದು. ಇನ್ನು ಸೀಳಿದ ಪಿನ್ ತೂತಲ್ಲಿ ತಿರುಗಿ ಬೆನ್ನು ತೋರಿಸ್ತಾ ನಿಲ್ಲೋದು ಎಲ್ಲರಿಗೂ ಆಗತ್ತೆ, ಸೀಳಿದ ಚಪ್ಪಟೆ ಮುಖಕ್ಕೆ ತೀರ ಹತ್ರದಲ್ಲಿ ಚಪ್ಪಟೆ ಅಕ್ರಿಲಿಕ್ ಪಟ್ಟಿ ಕೂರಿಸಿದ್ರೆ ಪಿನ್ನಿಗೆ ತಿರುಗೋಕೆ ಜಾಗ ಇರಲ್ಲ.

ಆಸ್ಟ್ರಿಯಾದ ಇವಿವಿಎ ಎಂಸಿಎಸ್ ಆಯಸ್ಕಾಂತದ ಬೀಗ, ಕೀಯಲ್ಲಿರೋ ಆಯಸ್ಕಾಂತ ಬೀಗದೊಳಗಿನ ಪುಟ್ಟ ಆಯಸ್ಕಾಂತದ ಚಕ್ರಗಳನ್ನ ತಿರುಗಿಸತ್ತೆ. ಇದರ ಚಕ್ರ ಒಂದು ನಿಧಾನ ಆಯ್ತು ಅಂದ್ರೆ ಉಕ್ಕಿನ ಪುಡಿ ಅಂಟಿದೆ ಅಂತಾನೇ ಅರ್ಥ. ಊದಿದ್ರೆ ಹೋಗಲ್ಲ, ಬ್ರಶ್ ಹಾಕಿದ್ರೆ ಆ ಕಡೆಯಿಂದ ಈ ಕಡೆ ಹೋಗತ್ತೆ ಅಷ್ಟೇ, ಅಂಟು ಟೇಪ್ ಒತ್ತಿ ಎತ್ಬೇಕು. ಕೊರೆಯೋಕೆ ಮುಂಚೆ ಚಕ್ರಗಳನ್ನ ತೆಗೆದು ಬೇರೆ ರೂಮಲ್ಲೇ ಇಡಿ. ಬಿಸಿಗೆ ಆಯಸ್ಕಾಂತ ಶಕ್ತಿ ಕಳ್ಕೊಳತ್ತೆ, ಹಾಗಾಗಿ ಅವನ್ನ ಹಾಕ್ಕೊಂಡು ಬೆಸುಗೆ, ಹೀಟ್ ಗನ್ ಯಾವ್ದೂ ಬೇಡ.

ಕೆಲಸ ಮಾಡ್ತಿದ್ದಿದ್ದು ತಿಂಗಳಾದ್ಮೇಲೆ ನಿಂತ್ರೆ

ಆಗ ಗೋಡೆ ವಿಚಾರ ಅಲ್ಲ, ನಾವು ಆಮೇಲೆ ಹಾಕಿದ್ದರ ವಿಚಾರ. ಹೊಳಪು ಉಳೀಲಿ ಅಂತ ಲ್ಯಾಕರ್ ಸ್ಪ್ರೇ ಹೊಡೆದಿದ್ರೆ ಅದು ಪಿನ್ ಸುತ್ತ ಹೋಗಿ ಗಟ್ಟಿಯಾಗಿದೆ, ಪಿನ್‌ಗಳನ್ನ ಬಿಚ್ಚಿ ಥಿನ್ನರಲ್ಲಿ ತೊಳೀಬೇಕು, ಅಕ್ರಿಲಿಕ್ ಭಾಗಕ್ಕೆ ಮಾತ್ರ ಥಿನ್ನರ್ ತಾಗಬಾರ್ದು. ಗ್ರಾಫೈಟ್ ಪುಡಿ ಎಣ್ಣೆ ಜೊತೆ ಸೇರಿ ಕಪ್ಪು ಅಂಟಾಗಿದ್ರೆ ಅದನ್ನೂ ತೊಳೆದು, ಸೂಜಿ ಮೊನೇಲಿ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ, ಅದಕ್ಕಿಂತ ಜಾಸ್ತಿ ಬೇಡ, ತೆರೆದ ಬೀಗ ಧೂಳನ್ನ ಎಣ್ಣೆ ಇದ್ದಷ್ಟೂ ಹಿಡಿಯತ್ತೆ.

ಹಿತ್ತಾಳೆ ಪಾಲಿಶ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಹಲವು ಪಾಲಿಶ್‌ಗಳಲ್ಲಿ ಅಮೋನಿಯಾ ಇರತ್ತೆ, ಒತ್ತಡದಲ್ಲಿರೋ ಹಿತ್ತಾಳೆಗೆ ಅಮೋನಿಯಾ ವೈರಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗೇ ಸೀಳ್ತಿದ್ವು. ಕುದುರೆ ಲಾಯದಲ್ಲಿ ಇಡ್ತಿದ್ರು, ಕುದುರೆ ಗಂಜಳದಿಂದ ಬರೋ ಅಮೋನಿಯಾ, ಮಳೆಗಾಲದ ತೇವ, ತೋಟಾ ಮಾಡುವಾಗ ಲೋಹದಲ್ಲಿ ಉಳಿದ ಬಿಗಿ, ಮೂರೂ ಸೇರಿ ಹಾಗಾಗ್ತಿತ್ತು ಅಂತ 1921ರಲ್ಲಿ ವಿವರಣೆ ಸಿಕ್ತು. ಮಳೆಗಾಲದಲ್ಲೇ ಆಗ್ತಿದ್ದಿದ್ದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನೋ ಹೆಸರು ಬಂತು. ನಮ್ಮ ಕಟ್‌ಅವೇಯಲ್ಲಿ ಕಿಟಕಿ ಪಕ್ಕ ತೆಳ್ಳಗೆ ಉಳಿದಿರೋ ಪಟ್ಟಿಗಳಿಗೂ ಬಾಗಿಸಿ ಸರಿ ಮಾಡಿದ ಗೋಡೆಗಳಿಗೂ ಅಂಥ ಬಿಗಿ ಇರ್ಬಹುದು, ಹಾಗಾಗಿ ಪಾಲಿಶ್ ಹಚ್ಚೋದಾದ್ರೆ ಬಿಚ್ಚಿ ಹಚ್ಚಿ, ಸಂದಿಗಳಲ್ಲಿ ಉಳೀದೆ ಇರೋ ಹಾಗೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಜೋಡಿಸಿ. ಸಂದಿಯಲ್ಲಿ ಒಣಗಿದ ಪಾಲಿಶ್‌ನ ಬಿಳಿ ಪುಡಿಯೇ ಪಿನ್ನಿಗೆ ಅಡ್ಡ ಬರೋದೂ ಉಂಟು.

ಕೊಂಡ ಕಟ್‌ಅವೇ ಬಗ್ಗೆ

ಕಂಪ್ನಿ ಮಾಡಿದ ಕಟ್‌ಅವೇ ತರಿಸ್ಕೊಂಡು ಅದರಲ್ಲಿ ಒಂದೆರಡು ತೂತು ಖಾಲಿ ಕಂಡ್ರೆ ತಕ್ಷಣ ಪಿನ್ ಬಿದ್ದೋಗಿದೆ ಅಂದ್ಕೊಳ್ಬೇಡಿ. ತೋರಿಸೋಕೆ ಸಲೀಸಾಗ್ಲಿ ಅಂತ ಬೇಕಂತ್ಲೇ ಖಾಲಿ ಬಿಟ್ಟಿರೋದೂ ಇದೆ. ಖಾಲಿ ತೂತಿನ ಒಳಗೋಡೆ ನೋಡಿ, ಪಿನ್ ಓಡಾಡಿದ ಹೊಳಪು ಗೆರೆ ಇದ್ರೆ ಅಲ್ಲಿ ಪಿನ್ ಇತ್ತು, ಮಾಸಲಾಗಿ ಒಂದೇ ಬಣ್ಣ ಇದ್ರೆ ಯಾವತ್ತೂ ಇರ್ಲಿಲ್ಲ. ಇರ್ಲಿಲ್ಲ ಅಂದ್ರೆ ಹಾಕ್ಲೇಬೇಡಿ, ಅದು ಹಾಗಿರೋದೇ ಅದರ ಚರಿತ್ರೆ.

ಹಳೇ ಕಟ್‌ಅವೇ ಕೀ ಒಂದ್ಸಲ ತಿರುಗಿ ಇನ್ನೊಂದ್ಸಲ ತಿರುಗ್ದೆ ಆಟ ಆಡಿಸಿದ್ರೆ ಕೀ ಸವೆದಿದೆಯಾ ನೋಡಿ. ಕೀ ಪೂರ್ತಿ ಒಳಗಿಟ್ಟು ಕಿಟಕಿಯಿಂದ ಶಿಯರ್ ಲೈನ್ ನೋಡಿದ್ರೆ ಕೀ ಪಿನ್‌ಗಳೆಲ್ಲ ಅಂಚಿಗಿಂತ ಒಂದೇ ಥರ ಸ್ವಲ್ಪ ಕೆಳಗೆ ಕೂತಿರತ್ತೆ, ಕೀನ ಬೆರಳಲ್ಲಿ ಸ್ವಲ್ಪ ಮೇಲೆತ್ತಿ ಹಿಡಿದ್ರೆ ತಿರುಗತ್ತೆ. ಹೈ ಸೆಕ್ಯುರಿಟಿ ಬೀಗಗಳ ಖಾಲಿ ಕೀಗಳು ಬೀದಿ ಅಂಗಡೀಲಿ ಸಿಗೋ ಅಂಥದ್ದಲ್ಲ, ಹಾಗಾಗಿ ಇದ್ದ ಕೀ ಹೊಸದಾಗಿರುವಾಗ್ಲೇ ಪ್ರತಿ ಕಟ್ಟಿನ ಆಳ ವರ್ನಿಯರಲ್ಲಿ ಅಳೆದು, ಓರೆಯಾಗಿರೋ ಕಟ್ ಆದ್ರೆ ಎಡನೋ ಬಲನೋ ನೇರನೋ ಅಂತಾನೂ ಬರೆದು, ಬೀಗದ ಡಬ್ಬೀಲೇ ಆ ಚೀಟಿ ಇಟ್ಬಿಡಿ. ಅಬ್ಲಾಯ್ ಆದ್ರೆ ಬಿಲ್ಲೆಗಳನ್ನ ತೆಗೆದ ಕ್ರಮದಲ್ಲೇ ಒಂದು ಕಡ್ಡಿಗೆ ಪೋಣಿಸಿ ತೆಗೆದ ಫೋಟೋನೂ ಅದರ ಜೊತೆಗಿರ್ಲಿ.